ಆಟಿಯ ಅಡುಗೆಮನೆಗೆ ಮೊಮ್ಮಕ್ಕಳೂ ಬರಲಿ

ಜುಲೈ ಕೊನೆಯ ಒಂದು ಭಾನುವಾರ. ಹೊರಗೆ ಬಿಡದೆ ಸುರಿಯುವ ಮಳೆ. ಮಂಗಳೂರು, ಉಡುಪಿ, ಪುತ್ತೂರು, ಕಾರ್ಕಳ ಕಡೆಯ ಯಾವುದಾದರೂ ಸಭಾಭವನದ ಹಿಂಬಾಗಿಲಿಂದ ಒಳಗೆ ಹೋಗಿ ನೋಡಿ. ಉದ್ದನೆಯ ಮೇಜಿನ ಮೇಲೆ ಕೆಸುವಿನೆಲೆಗಳ ರಾಶಿ. ಒಬ್ಬರು ಎಲೆಯ ಬೆನ್ನಿನ ದಪ್ಪ ನರವನ್ನು ಚೂರಿಯಿಂದ ಸವರಿ ತೆಗೆಯುತ್ತಿದ್ದಾರೆ, ಇನ್ನೊಬ್ಬರು ಹುಣಸೆಹಣ್ಣು ಕಿವುಚುತ್ತಿದ್ದಾರೆ. ಗ್ರೈಂಡರಿನಲ್ಲಿ ಅಕ್ಕಿ, ಮೆಣಸು, ಕೊತ್ತಂಬರಿ, ತೆಂಗಿನಕಾಯಿ ತರಿತರಿಯಾಗಿ ನುರಿಯುತ್ತಿವೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಎಲೆಯನ್ನು ಬೋರಲು ಹಾಕಿ ಹಿಟ್ಟು ಸವರುತ್ತಿದ್ದರೆ, ಎದುರಿಗೆ ನಿಂತ ಕಾಲೇಜು ಹುಡುಗಿ ಮೊಬೈಲಿನಲ್ಲಿ ವೀಡಿಯೊ ಹಿಡಿಯುತ್ತಿದ್ದಾಳೆ. 'ಅದನ್ನು ಆಚೆ ಇಡು ಮಗಾ, ಕೈಗೆ ಎಣ್ಣೆ ಹಚ್ಚಿಕೊಂಡು ಇಲ್ಲಿ ಬಾ' ಎನ್ನುತ್ತಾರೆ ಅಜ್ಜಿ.

ಇದು 'ಆಟಿಡೊಂಜಿ ದಿನ', ಎಂದರೆ ಆಟಿ ತಿಂಗಳಲ್ಲೊಂದು ದಿನ. ತುಳುನಾಡಿನ ಶಾಲೆ, ಕಾಲೇಜು, ಯುವಕ ಮಂಡಲ, ಮಹಿಳಾ ಮಂಡಲ, ಜಾತಿ ಸಂಘಗಳೆಲ್ಲ ಇದನ್ನು ನಡೆಸುತ್ತವೆ. ಕೆಸುವಿನೆಲೆಯ ಪತ್ರೊಡೆ, ಕಳಲೆ ಪಲ್ಯ, ತಗಟೆ ಸೊಪ್ಪಿನ ಅಂಬಡೆ, ಅರಸಿನ ಎಲೆಯ ಗಟ್ಟಿ, ಮೆಂತೆ ಗಂಜಿ ಎಂದು ಬಾಳೆಲೆ ತುಂಬುತ್ತದೆ. ಉಂಡವರು ಫೋಟೊ ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ಆದರೆ ಆ ದಿನದ ನಿಜವಾದ ಕೆಲಸ ನಡೆಯುವುದು ಊಟದ ಪಂಕ್ತಿಯಲ್ಲಲ್ಲ, ಹಿಂದಿನ ಅಡುಗೆಮನೆಯಲ್ಲಿ. ಅಲ್ಲಿ ಮೂರು ತಲೆಮಾರು ಒಂದೇ ಮೇಜಿನ ಸುತ್ತ ನಿಲ್ಲುತ್ತದೆ. ಹಾಗೆ ನಿಲ್ಲುವುದು ಏಕೆ ಮುಖ್ಯ, ಅದನ್ನೊಂದು ಪಾಠವಾಗಿ ಬೆಳೆಸುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಕಣಜ ಬರಿದಾಗುವ ತಿಂಗಳು

ತುಳುವರ ವರ್ಷ ಪಗ್ಗು ತಿಂಗಳಿಂದ ಶುರುವಾಗುತ್ತದೆ. ಪಗ್ಗು, ಬೇಶ, ಕಾರ್ತೆಲ್ ಕಳೆದರೆ ನಾಲ್ಕನೆಯದು ಆಟಿ. ಸೂರ್ಯ ಕರ್ಕಾಟಕ ರಾಶಿಯಲ್ಲಿರುವ ಈ ತಿಂಗಳು ಸುಮಾರಾಗಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುತ್ತದೆ. ಕರಾವಳಿಯಲ್ಲಿ ಮಳೆ ಅತಿ ಜೋರಾಗಿರುವ ಕಾಲ ಇದು.

ಆಗ ನೇಜಿ ನೆಟ್ಟು ಮುಗಿದಿರುತ್ತದೆ, ಹೊಸ ಬೆಳೆ ಇನ್ನೂ ದೂರ. ಕಡಲು ಕೆರಳಿರುವುದರಿಂದ ದೋಣಿಗಳು ದಡದಲ್ಲಿ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ತರಕಾರಿ ಹಿತ್ತಿಲಲ್ಲಿ ಕೊಳೆಯುತ್ತದೆ. ಗೇಣಿ ಒಕ್ಕಲುಗಳ ಕಾಲದಲ್ಲಂತೂ ಕಷ್ಟ ಇನ್ನೂ ಹೆಚ್ಚಿತ್ತು. ಬೆಳೆದದ್ದರಲ್ಲಿ ದೊಡ್ಡ ಪಾಲು ಧಣಿಯ ಮನೆಗೆ ಗೇಣಿಯಾಗಿ ಹೋದ ಮೇಲೆ ಉಳಿದ ಅಕ್ಕಿ ಆಟಿಯವರೆಗೆ ಬರುತ್ತಿರಲಿಲ್ಲ.

ಮದುವೆ, ಮುಂಜಿ ಏನೂ ಇಲ್ಲದ ಈ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಿದ್ದರು. ಮಾರಿ ಕಳೆಯಲೆಂದು ಆಟಿ ಕಳೆಂಜ ಎಂಬ ವೇಷಧಾರಿ ಮನೆ ಮನೆಗೆ ಬರುತ್ತಿದ್ದ. ಜನ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದುದು ಎರಡು ಬಗೆಯ ಆಹಾರದಿಂದ. ಒಂದು, ಬೇಸಿಗೆಯಲ್ಲೇ ಕೂಡಿಟ್ಟದ್ದು: ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ನೀರು ಮಾವಿನಕಾಯಿ, ಹಪ್ಪಳ, ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ. ಇನ್ನೊಂದು, ಮಳೆ ಬಿದ್ದೊಡನೆ ತಾನಾಗಿ ಹುಟ್ಟಿದ್ದು: ಕೆಸು, ತಗಟೆ, ಒಂದೆಲಗ, ಕಳಲೆ, ಅಣಬೆ.

ಇಂದು ಹಬ್ಬದೂಟವಾಗಿರುವ ಅಡುಗೆ ಹುಟ್ಟಿದ್ದು ಹಸಿವಿನಲ್ಲಿ. ಅನ್ನವಿಲ್ಲದ ಮನೆಯಲ್ಲಿ ಸೊಪ್ಪು ತಿಂದು ದಿನ ತಳ್ಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಎದುರು ಮೂವತ್ತು ನಲವತ್ತು ಬಗೆ ಬಡಿಸಿ 'ಆಟಿಯ ಸಂಭ್ರಮ' ಎನ್ನುವಾಗ ಸ್ವಲ್ಪ ತಡೆದು ಯೋಚಿಸಬೇಕು.

ಮನೆಯಿಂದ ಸಭಾಭವನಕ್ಕೆ

ಈ ಅಡುಗೆ ಮನೆಯಿಂದ ಸಭಾಭವನಕ್ಕೆ ಬಂದದ್ದಕ್ಕೆ ಕಾರಣ ಸರಳ. ಮನೆಯಲ್ಲಿ ಅದನ್ನು ಮಾಡುವುದು ಕಡಿಮೆಯಾಯಿತು. 1974ರ ಭೂಸುಧಾರಣೆಯ ನಂತರ ಒಕ್ಕಲುಗಳಿಗೆ ಭೂಮಿ ಸಿಕ್ಕಿತು, ರೇಷನ್ ಅಕ್ಕಿ ಬಂತು, ಮುಂಬಯಿಯಿಂದಲೂ ಕೊಲ್ಲಿ ದೇಶಗಳಿಂದಲೂ ಹಣ ಬಂತು. ಹಸಿವು ಹೋಯಿತು. ಅದು ಹೋದದ್ದು ಒಳ್ಳೆಯದೇ. ಆದರೆ ಅದರ ಜೊತೆ ಅಡುಗೆಯೂ ಹೊರಟಿತು.

ಇನ್ನೊಂದು ಕಾರಣ ಮನೆಯೇ ಚಿಕ್ಕದಾದದ್ದು. ಪತ್ರೊಡೆ ಒಬ್ಬರು ಕೂತು ಮಾಡುವ ಅಡುಗೆಯಲ್ಲ. ಎಲೆ ಕೊಯ್ಯಲು ಒಬ್ಬರು, ನರ ತೆಗೆಯಲು ಒಬ್ಬರು, ಅರೆಯಲು ಒಬ್ಬರು, ಸವರಿ ಸುತ್ತಲು ಒಬ್ಬರು ಬೇಕು. ಹಲಸಿನ ಹಪ್ಪಳಕ್ಕಂತೂ ಮನೆಮಂದಿ ಸಾಲದೆ ನೆರೆಹೊರೆಯವರೂ ಬರುತ್ತಿದ್ದರು. ಗಂಡ, ಹೆಂಡತಿ, ಒಂದು ಮಗು ಇರುವ ಫ್ಲಾಟಿನಲ್ಲಿ ಇಷ್ಟು ಕೈ ಎಲ್ಲಿಂದ ತರುವುದು?

ಹಾಗಾಗಿ ಸಂಘಗಳು ಅದನ್ನು ಎತ್ತಿಕೊಂಡವು. ವೇದಿಕೆ, ಭಾಷಣ, ಪಾಡ್ದನವೆಂಬ ತುಳು ಹಾಡುಗತೆ, ಚೆನ್ನೆಮಣೆ ಆಟ, ಕೊನೆಗೆ ಊಟ ಎಂಬ ಕ್ರಮ ಬೆಳೆಯಿತು. ಮುಂಬಯಿ, ಬೆಂಗಳೂರು, ದುಬೈಯ ತುಳು ಸಂಘಗಳಲ್ಲೂ ಈ ದಿನ ನಡೆಯುತ್ತದೆ. ಇದರಿಂದ ಪತ್ರೊಡೆಯ ಹೆಸರು ಉಳಿಯಿತು, ರುಚಿಯೂ ಉಳಿಯಿತು. ಮಾಡುವ ಕೈಗಳು ಮಾತ್ರ ಹೆಚ್ಚಲಿಲ್ಲ. ಬಹಳ ಕಡೆ ಈಗ ಅಡುಗೆ ಕ್ಯಾಟರಿಂಗಿನವರದು, ಅಜ್ಜಿಗೆ ವೇದಿಕೆಯ ಮೇಲೆ ಶಾಲು.

ತುರಿಕೆ ಕಳೆಯುವ ವಿದ್ಯೆ

ಆಟಿಯ ಅಡುಗೆಯನ್ನು ಉಳಿದ ಅಡುಗೆಯಂತೆ ಪುಸ್ತಕ ನೋಡಿ ಕಲಿತರೆ ಆಗದೇ? ಆಗದು. ಈ ತಿಂಗಳ ಅರ್ಧದಷ್ಟು ಪದಾರ್ಥಗಳು ಹಸಿಯಾಗಿ ತಿನ್ನುವಂಥವಲ್ಲ. ಅವುಗಳ ಕೆಡುಕನ್ನು ತೆಗೆದು ಆಹಾರ ಮಾಡುವುದೇ ಇಲ್ಲಿನ ಮುಖ್ಯ ಕೆಲಸ.

ಕೆಸುವನ್ನೇ ನೋಡಿ. ಅದರ ಎಲೆ, ದಂಟು, ಗೆಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಸೂಕ್ಷ್ಮ ಹರಳುಗಳಿರುತ್ತವೆ. ಬಾಯಿ, ಗಂಟಲಿಗೆ ಚುಚ್ಚಿ ತುರಿಸುವುದು ಅವೇ. ಧಾರಾಳ ಹುಣಸೆಹುಳಿ, ಚೆನ್ನಾಗಿ ಬೇಯುವಷ್ಟು ಹೊತ್ತಿನ ಹಬೆ, ಇವೆರಡೂ ಸೇರಿದರೆ ತುರಿಕೆ ಇಳಿಯುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚುವುದೂ ಇದಕ್ಕೇ. ಆದರೆ ಹುಳಿ ಎಷ್ಟು ಬೇಕು ಎಂಬುದು ಎಲೆಯನ್ನು ಅವಲಂಬಿಸಿದೆ. ಎಳೆಯ ಎಲೆಗೆ ಒಂದು ಲೆಕ್ಕ, ಬಲಿತದ್ದಕ್ಕೆ ಇನ್ನೊಂದು. ಮರದ ಕಾಂಡದ ಮೇಲೆ ಬೆಳೆಯುವ ಮರಕೆಸುವಿಗೆ ಬೇರೆಯದೇ. ದಂಟಿನ ಬಣ್ಣ ನೋಡಿ, ಎಲೆ ಬೆಳೆದ ಜಾಗ ನೋಡಿ ಹಿರಿಯರು ಇದನ್ನು ನಿರ್ಧರಿಸುತ್ತಾರೆ.

ಕಳಲೆ ಇನ್ನೂ ಸೂಕ್ಷ್ಮ. ಬಿದಿರಿನ ಎಳೆಯ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತವಿದೆ. ಅದಕ್ಕೇ ಹಸಿ ಕಳಲೆಯನ್ನು ನೇರ ಪಲ್ಯಕ್ಕೆ ಹಾಕುವುದಿಲ್ಲ. ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸುತ್ತಾರೆ. ಹೆಚ್ಚಿದಾಗ ಮತ್ತು ನೆನೆಸಿದಾಗ ಆ ಸಂಯುಕ್ತ ಒಡೆದು ನೀರಿಗಿಳಿಯುತ್ತದೆ, ಉಳಿದದ್ದು ಬಿಸಿಗೆ ಹೋಗುತ್ತದೆ. ರಸಾಯನಶಾಸ್ತ್ರ ಗೊತ್ತಿಲ್ಲದ ಕಾಲದಲ್ಲಿ ಈ ವಿಧಾನ ಕಂಡುಕೊಂಡವರು ನಮ್ಮ ಅಡುಗೆಮನೆಯ ಹೆಂಗಸರು.

ತಗಟೆ ಸೊಪ್ಪಿಗೆ ವಿಷದ ಭಯವಿಲ್ಲ, ಆದರೆ ಸಮಯದ ಲೆಕ್ಕವಿದೆ. ಮೊದಲ ಮಳೆಗೆ ಹುಟ್ಟಿದ ಎಳೆಯ ಚಿಗುರು ರುಚಿ, ಬಲಿತರೆ ಕಹಿ. ಜೊತೆಗೆ ಈಗ ಹೊಸ ತೊಂದರೆಯೊಂದು ಸೇರಿಕೊಂಡಿದೆ. ತೋಟಕ್ಕೂ ರಸ್ತೆ ಬದಿಗೂ ಕಳೆನಾಶಕ ಹೊಡೆಯುತ್ತಾರೆ. ಯಾವ ಗುಡ್ಡದ ಸೊಪ್ಪು ಕೊಯ್ಯಬಹುದು, ಎಲ್ಲಿಯದನ್ನು ಮುಟ್ಟಬಾರದು ಎಂಬುದು ಊರಲ್ಲೇ ಇರುವವರಿಗೆ ಮಾತ್ರ ಗೊತ್ತು.

ಮರ ತಪ್ಪಿದರೆ ಜೀವಕ್ಕೆ ಅಪಾಯ

ಆಟಿ ಅಮಾವಾಸ್ಯೆಯಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ತುಳುನಾಡಿನಲ್ಲಿ ಗಟ್ಟಿಯಾಗಿದೆ. ತುಳುವಿನಲ್ಲಿ ಅದು ಪಾಲೆದ ಕಷಾಯ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾರೆ. ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಅರೆದು ರಸ ಹಿಂಡಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಕಹಿ ಕುಡಿದ ಮೇಲೆ ತಂಪಿಗೆ ಮೆಂತೆ ಗಂಜಿ.

ಹಾಲೆ ಎಂದರೆ ಸಪ್ತಪರ್ಣಿ. ಗೆಲ್ಲಿನ ಒಂದೇ ಗೆಣ್ಣಿನ ಸುತ್ತ ಸಾಮಾನ್ಯವಾಗಿ ಐದರಿಂದ ಏಳು ಎಲೆ ಚಕ್ರದಂತೆ ಹೊರಡುತ್ತವೆ. ಗಾಯ ಮಾಡಿದರೆ ಬಿಳಿ ಹಾಲು ಸುರಿಯುತ್ತದೆ. ಅದೇ ಕಾಡಿನಲ್ಲಿ ಕಾಸರಕವೂ ಇದೆ. ಅದರ ಬೀಜ, ತೊಗಟೆ ಎರಡರಲ್ಲೂ ಸ್ಟ್ರಿಕ್ನಿನ್ ಕುಲದ ಕಡು ವಿಷ. ಅದರ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ತೊಗಟೆಯಿಂದ ಹಾಲು ಬರುವುದಿಲ್ಲ. ಹಗಲಿನಲ್ಲಿ ನೋಡಿದರೆ ವ್ಯತ್ಯಾಸ ಸ್ಪಷ್ಟ. ನಸುಕಿನ ಕತ್ತಲಲ್ಲಿ, ಮಳೆಯಲ್ಲಿ, ಮರದ ಪರಿಚಯವೇ ಇಲ್ಲದವರು ಹೋದರೆ ಅನಾಹುತಕ್ಕೆ ಹೆಚ್ಚು ಹೊತ್ತು ಬೇಡ.

ಹಾಗಾಗಿ ಕಷಾಯದ ಪಾಠ ಅಡುಗೆಮನೆಯಲ್ಲಿ ಆಗುವಂಥದ್ದೇ ಅಲ್ಲ. ಮರ ಗೊತ್ತಿರುವ ಅಜ್ಜನ ಜೊತೆ ಹಿಂದಿನ ದಿನವೇ ಹಗಲು ಹೊತ್ತಿನಲ್ಲಿ ಹೋಗಿ, ಎಲೆ ಎಣಿಸಿ, ಹಾಲು ನೋಡಿ, ಮರಕ್ಕೆ ಗುರುತು ಮಾಡಿ ಬರಬೇಕು. ಗೊತ್ತಿಲ್ಲದ ಮಾರಾಟಗಾರರಿಂದ ತೊಗಟೆ ಕೊಳ್ಳಬಾರದು. ಸರಿಯಾದ ಮರದ್ದೇ ಆದರೂ ಕಷಾಯ ಮಿತಿಯಲ್ಲಿರಬೇಕು. ಗರ್ಭಿಣಿಯರು, ಚಿಕ್ಕ ಮಕ್ಕಳು, ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ವೀಡಿಯೊದಲ್ಲಿ ಸಿಗದ್ದು

ಪತ್ರೊಡೆ ಮಾಡುವ ವೀಡಿಯೊಗಳಿಗೆ ಈಗ ಕೊರತೆಯಿಲ್ಲ. ಅಳತೆ, ಕ್ರಮ, ಸಮಯ ಎಲ್ಲವೂ ಅಲ್ಲಿ ಇವೆ. ಆದರೆ ಪದಾರ್ಥ ಮೇಜಿನ ಮೇಲೆ ಬಂದ ನಂತರದ ಕಥೆಯನ್ನಷ್ಟೇ ವೀಡಿಯೊ ಹೇಳುತ್ತದೆ. ಎಲೆ ಎಲ್ಲಿಯದು, ಯಾವಾಗ ಕೊಯ್ದದ್ದು, ಎಷ್ಟು ಬಲಿತದ್ದು ಎಂಬುದು ಅದರಲ್ಲಿ ಬರುವುದಿಲ್ಲ.

ಹಿಟ್ಟಿನ ಹದವೂ ಹಾಗೆಯೇ. ತೀರಾ ನುಣ್ಣಗಾದರೆ ಪತ್ರೊಡೆ ಗಟ್ಟಿಯಾಗುತ್ತದೆ, ತರಿ ಹೆಚ್ಚಾದರೆ ಎಲೆಗೆ ಹಿಡಿಯುವುದಿಲ್ಲ. ನೀರು ತುಸು ಹೆಚ್ಚಾದರೂ ಸುರುಳಿ ಬಿಚ್ಚಿಕೊಳ್ಳುತ್ತದೆ. ಬೆರಳಿಗೆ ತಾಗಿದಾಗ ಇದು ತಿಳಿಯುತ್ತದೆ, ಕಣ್ಣಿಗಲ್ಲ. ಈಜು ಕಲಿಯಲು ನೀರಿಗಿಳಿಯಲೇಬೇಕಾದಂತೆ, ಹದ ಕಲಿಯಲು ಹಿಟ್ಟಿಗೆ ಕೈ ಹಾಕಲೇಬೇಕು.

ಅಜ್ಜಿಯರಿಗೂ ತಾವು ಏನು ಬಲ್ಲೆವು ಎಂಬುದು ಪೂರ್ತಿ ಗೊತ್ತಿರುವುದಿಲ್ಲ. ಹುಳಿ ಎಷ್ಟು ಎಂದು ಕೇಳಿದರೆ 'ಬೇಕಾದಷ್ಟು' ಎನ್ನುತ್ತಾರೆ. ಜೊತೆಯಲ್ಲಿ ನಿಂತವರು ತಪ್ಪು ಮಾಡಿದಾಗಲಷ್ಟೇ 'ಅಷ್ಟಲ್ಲ, ಈ ಎಲೆ ಬಲಿತದ್ದು' ಎಂಬ ಮಾತು ಹೊರಗೆ ಬರುತ್ತದೆ. ಕಲಿಯುವವರು ಎದುರಿಗಿದ್ದರೆ ಮಾತ್ರ ಕಲಿಸುವವರ ಬಾಯಲ್ಲಿ ಪಾಠ ಬರುತ್ತದೆ.

ಪಾಠ ಶುರುವಾಗಬೇಕಾದದ್ದು ಬೇಸಿಗೆಯಲ್ಲಿ

ಆಟಿಯ ಒಂದು ದಿನದ ಕಾರ್ಯಕ್ರಮ ಏಕೆ ಸಾಲದು ಎಂಬುದಕ್ಕೆ ಉತ್ತರ ಭರಣಿಯಲ್ಲಿದೆ. ಜುಲೈಯಲ್ಲಿ ತಿನ್ನುವ ಉಪ್ಪಡ್ ಪಚ್ಚಿಲ್, ಎಂದರೆ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮೇ ತಿಂಗಳಲ್ಲೇ ಭರಣಿ ಸೇರಿರಬೇಕು. ಬಲಿತ, ಆದರೆ ಹಣ್ಣಾಗದ ಕಾಯಿ ಆರಿಸಿ, ಸೊಳೆ ಬಿಡಿಸಿ, ಪದರ ಪದರವಾಗಿ ಉಪ್ಪು ಹಾಕಿ, ಮೇಲೆ ಭಾರ ಇಡಬೇಕು. ಉಪ್ಪು ಕಡಿಮೆಯಾದರೆ, ಸೊಳೆ ಉಪ್ಪುನೀರಿನಿಂದ ಮೇಲೆದ್ದರೆ ಬೂಸು ಹಿಡಿಯುತ್ತದೆ. ಹಪ್ಪಳಕ್ಕೆ ಬಿಸಿಲು ಬೇಕು, ಅದೂ ಮಳೆ ಬರುವ ಮೊದಲೇ.

ಆದ್ದರಿಂದ ಆಟಿ ಅಡುಗೆಯ ಪಾಠ ಕಡಿಮೆಯೆಂದರೆ ನಾಲ್ಕು ಕಂತಿನದ್ದು. ಏಪ್ರಿಲ್, ಮೇಯಲ್ಲಿ ಹಲಸು ಕೊಯ್ದು ಹಪ್ಪಳ ಒತ್ತುವುದು, ಸೊಳೆಗೆ ಉಪ್ಪು ಹಾಕುವುದು. ಜೂನ್‌ನಲ್ಲಿ ಗುಡ್ಡ ಸುತ್ತಿ ತಗಟೆ, ಒಂದೆಲಗ, ಕೆಸು ಗುರುತಿಸುವುದು. ಜುಲೈಯಲ್ಲಿ ಕಳಲೆ ಹೆಚ್ಚಿ ನೀರಿಗೆ ಹಾಕುವುದು, ಪತ್ರೊಡೆ ಸುತ್ತುವುದು. ಅಮಾವಾಸ್ಯೆಯ ಹಿಂದಿನ ದಿನ ಹಾಲೆ ಮರ ನೋಡಿ ಬರುವುದು.

ಮೊದಲ ಕಂತು ಮಕ್ಕಳ ಬೇಸಿಗೆ ರಜೆಗೆ ಸರಿಹೊಂದುತ್ತದೆ. ಹಿಂದೆ ರಜೆಯಲ್ಲಿ ಅಜ್ಜಿಮನೆಗೆ ಹೋದ ಮಕ್ಕಳು ಹಪ್ಪಳ ಕಾಯುವ ನೆಪದಲ್ಲಿ ಅರ್ಧ ಹಿಟ್ಟು ತಿಂದು ಮುಗಿಸುತ್ತಿದ್ದರು. ಆ ಹಾದಿಯಲ್ಲೇ ಕಲಿಯುತ್ತಿದ್ದರು. ಈಗಿನ ಬೇಸಿಗೆ ಶಿಬಿರಗಳಲ್ಲಿ ಚಿತ್ರಕಲೆ, ಕರಾಟೆಗೆ ಇರುವ ಜಾಗ ಹಪ್ಪಳದ ಮಣೆಗೂ ಸಿಗಬೇಕು.

ಕಲಿಸುವವರು ಎರಡೂ ಕಡೆ

ಇಂಥ ಪಾಠಕ್ಕೆ ದೊಡ್ಡ ಖರ್ಚಿಲ್ಲ. ಶಾಲೆಯ ಬಿಸಿಯೂಟದ ಅಡುಗೆಮನೆ, ದೇವಸ್ಥಾನದ ಪಾಕಶಾಲೆ, ಚರ್ಚ್ ಸಭಾಂಗಣ, ಮಹಿಳಾ ಮಂಡಲದ ಕಟ್ಟಡ ಯಾವುದಾದರೂ ಸಾಕು. ಒಬ್ಬ ಹಿರಿಯರಿಗೆ ಮೂರು ನಾಲ್ಕು ಮಂದಿ ಕಿರಿಯರಿದ್ದರೆ ಎಲ್ಲರ ಕೈಗೂ ಕೆಲಸ ಸಿಗುತ್ತದೆ. ಐವತ್ತು ಮಂದಿಯನ್ನು ಕೂರಿಸಿ ಮೈಕಿನಲ್ಲಿ ಹೇಳಿದರೆ ಅದು ಮತ್ತೆ ಭಾಷಣವೇ.

ಕಿರಿಯರಿಗೂ ಕಲಿಸುವ ಕೆಲಸವಿದೆ. ಅಜ್ಜಿ ಮುಷ್ಟಿಯಲ್ಲಿ ತೆಗೆದ ಅಕ್ಕಿಯನ್ನು ಪಾತ್ರೆಗೆ ಬೀಳುವ ಮೊದಲು ತೂಕದ ಯಂತ್ರದ ಮೇಲಿಟ್ಟು ಬರೆದುಕೊಳ್ಳಬಹುದು. ಎಲೆಯ ಎರಡೂ ಬದಿಯ ಚಿತ್ರ, ತುಳು, ಕನ್ನಡ, ಕೊಂಕಣಿ, ಬ್ಯಾರಿ ಹೆಸರು, ಸಸ್ಯಶಾಸ್ತ್ರದ ಹೆಸರು ಸೇರಿಸಿ ಊರಿನದೇ ಒಂದು ಪಟ್ಟಿ ಮಾಡಬಹುದು. ಕೆಸು ಏಕೆ ತುರಿಸುತ್ತದೆ ಎಂಬ ವಿಜ್ಞಾನವನ್ನು ಅಜ್ಜಿಗೆ ಮೊಮ್ಮಗಳೇ ಹೇಳಲಿ. ರಕ್ತದೊತ್ತಡ ಇರುವವರು ಉಪ್ಪಿನ ಸೊಳೆಯನ್ನು ಹೆಚ್ಚು ಹೊತ್ತು ನೆನೆಸಿ ತಿನ್ನಬೇಕು, ಕಡಿಮೆ ತಿನ್ನಬೇಕು ಎಂಬುದೂ ಈ ಮಾತುಕತೆಯಲ್ಲೇ ಬರಲಿ.

ಗಂಡಸರನ್ನು ಹೊರಗಿಟ್ಟರೆ ಪಾಠ ಅರ್ಧವೇ. ಹಲಸಿನ ಮರ ಹತ್ತಿದವರು, ಕಳಲೆ ಕಡಿದು ತಂದವರು, ತೊಗಟೆ ಜಜ್ಜಿದವರು ಅಜ್ಜಂದಿರು. ಇಂದಿನ ಹುಡುಗರು ಊರು ಬಿಟ್ಟು ಹೋದಾಗ ತಾವೇ ಬೇಯಿಸಿಕೊಂಡು ತಿನ್ನಬೇಕಾದವರು. ಈ ಪಾಠ ಅವರಿಗೆ ಬೇಡವೆಂದರೆ ಹೇಗೆ?

ಯಾರ ಮನೆಯ ಪತ್ರೊಡೆ?

ಕರಾವಳಿಯಲ್ಲಿ ಪತ್ರೊಡೆ ಮಾಡದ ಸಮುದಾಯ ಹುಡುಕುವುದು ಕಷ್ಟ. ಬಂಟರು, ಬಿಲ್ಲವರು, ಹವ್ಯಕರು, ಶಿವಳ್ಳಿಯವರು, ಗೌಡ ಸಾರಸ್ವತರು, ಕ್ರೈಸ್ತರು ಎಲ್ಲರಲ್ಲೂ ಇದೆ. ಒಬ್ಬರು ಹಿಂಗು ಹಾಕಿದರೆ ಇನ್ನೊಬ್ಬರು ಬೆಳ್ಳುಳ್ಳಿ ಹಾಕುತ್ತಾರೆ. ಕೆಲವರು ಬಿಲ್ಲೆಗಳನ್ನು ಕಾವಲಿಯಲ್ಲಿ ಕಾಯಿಸುತ್ತಾರೆ, ಕೆಲವರು ಪುಡಿ ಮಾಡಿ ಬೆಲ್ಲ, ತೆಂಗಿನತುರಿಯ ಒಗ್ಗರಣೆ ಕೊಡುತ್ತಾರೆ, ಇನ್ನು ಕೆಲವರು ಮಸಾಲೆಯಲ್ಲಿ ಕುದಿಸುತ್ತಾರೆ.

ಆದರೂ ನೆರೆಮನೆಯ ಅಡುಗೆಕೋಣೆಯೊಳಗೆ ಕಾಲಿಡದ ಕಾಲ ನಮ್ಮಲ್ಲಿತ್ತು. ಈಗಲೂ ಹೆಚ್ಚಿನ ಆಟಿ ಕಾರ್ಯಕ್ರಮಗಳು ಆಯಾ ಜಾತಿ ಸಂಘದ ಚೌಕಟ್ಟಿನೊಳಗೇ ನಡೆಯುತ್ತವೆ. ಶಾಲೆ ಕಾಲೇಜುಗಳು ನಡೆಸುವ ಪಾಠಕ್ಕೆ ಈ ಗೋಡೆ ಇರಬೇಕಾಗಿಲ್ಲ. ಒಂದೇ ಮೇಜಿನ ಮೇಲೆ ನಾಲ್ಕು ಮನೆಯ ಪತ್ರೊಡೆ ಸುತ್ತಿದರೆ ಮಕ್ಕಳಿಗೆ ಊರಿನ ಪರಿಚಯವೂ ಆಗುತ್ತದೆ. ಕಾಡಿನ ಗೆಡ್ಡೆ, ಸೊಪ್ಪುಗಳ ಬಗ್ಗೆ ಎಲ್ಲರಿಗಿಂತ ಹೆಚ್ಚು ಬಲ್ಲ ಕೊರಗ, ಮಲೆಕುಡಿಯ ಸಮುದಾಯದ ಹಿರಿಯರನ್ನು ಗುರುಗಳಾಗಿ ಕರೆಯುವುದು ಇನ್ನೂ ಒಳ್ಳೆಯದು. ಕರೆದ ಮೇಲೆ ಅವರಿಗೆ ಸರಿಯಾದ ಸಂಭಾವನೆಯನ್ನೂ ಕೊಡಬೇಕು.

ಘಟ್ಟದ ಮೇಲೆ, ಕಡಲಿನಾಚೆ

ಈ ತಿಂಗಳು ತುಳುವರದ್ದು ಮಾತ್ರವಲ್ಲ. ಕೊಡಗಿನಲ್ಲಿ ಇದೇ ಕಕ್ಕಡ. ಆ ತಿಂಗಳ 18ನೇ ದಿನ, ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಕಡುನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಕೇರಳದಲ್ಲಿ ಕರ್ಕಡಕ ಮಾಸದ ಔಷಧ ಗಂಜಿಯೂ ಹತ್ತು ಸೊಪ್ಪಿನ ಪಲ್ಯವೂ ಇವೆ. ಮುಂಬಯಿಯಲ್ಲಿರುವ ತುಳುವರಿಗೆ ಕೆಸುವಿನೆಲೆಗೆ ಬರವಿಲ್ಲ, ಮಹಾರಾಷ್ಟ್ರದ ಅಳುವಡಿಗೂ ಗುಜರಾತಿನ ಪಾತ್ರಾಕ್ಕೂ ಅದೇ ಎಲೆ ಬೇಕು.

ಕೊರಿಯಾದ ಉದಾಹರಣೆಯೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಲ್ಲಿ ಚಳಿಗಾಲಕ್ಕೆ ಮೊದಲು ಮನೆಮಂದಿ, ನೆರೆಹೊರೆ ಸೇರಿ ಎಲೆಕೋಸಿಗೆ ಉಪ್ಪು, ಮೆಣಸು ಹಚ್ಚಿ ಕಿಮ್ಚಿ ಹಾಕುತ್ತಾರೆ. ಈ ಕೂಡುಕೆಲಸದ ಹೆಸರು ಕಿಮ್‌ಜಾಂಗ್. 2013ರಲ್ಲಿ ಯುನೆಸ್ಕೊ ದಕ್ಷಿಣ ಕೊರಿಯಾದ ಅಮೂರ್ತ ಪರಂಪರೆಯೆಂದು ಪಟ್ಟಿಗೆ ಸೇರಿಸಿದ್ದು ಕಿಮ್ಚಿ ಎಂಬ ತಿನಿಸನ್ನಲ್ಲ, ಅದನ್ನು ಸೇರಿ ಮಾಡಿ ಹಂಚಿಕೊಳ್ಳುವ ರೂಢಿಯನ್ನು. ಪತ್ರೊಡೆಗೆ ಸರ್ಕಾರಿ ಮನ್ನಣೆ, ಪ್ರಶಸ್ತಿ ಕೇಳುವ ನಾವು ಈ ವ್ಯತ್ಯಾಸವನ್ನು ಗಮನಿಸಬೇಕು.

ಈ ವರ್ಷ ಮಾಡಬಹುದಾದದ್ದು

ಆಟಿಯ ಊಟದ ಪ್ರದರ್ಶನ ನಮ್ಮಲ್ಲಿ ಬೇಕಾದಷ್ಟು ಆಗಿದೆ. ಇನ್ನು ಆಗಬೇಕಾದದ್ದು ಪಾಠ. ಬಡಿಸುವ ಬಗೆಗಳನ್ನು ನಲವತ್ತರಿಂದ ನಾಲ್ಕಕ್ಕೆ ಇಳಿಸಿ, ಆ ನಾಲ್ಕನ್ನು ಮಕ್ಕಳ ಕೈಯಲ್ಲೇ ಮಾಡಿಸುವ ಸಂಘ ಹೆಚ್ಚು ದೊಡ್ಡ ಕೆಲಸ ಮಾಡಿದಂತೆ. ವೇದಿಕೆಯ ಶಾಲಿಗಿಂತ ಅಜ್ಜಿಗೆ ಬೇಕಾದದ್ದು ಪಕ್ಕದಲ್ಲಿ ನಿಂತು ಕಲಿಯುವ ನಾಲ್ಕು ಮಂದಿ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಕಟ್ಟಡದಲ್ಲಿ ಈ ಅಡುಗೆ ಬಲ್ಲ ಹಿರಿಯರು ಯಾರಿದ್ದಾರೆ ಎಂದು ಈ ವಾರವೇ ವಿಚಾರಿಸಿ. ಕೆಸು ಕೊಯ್ಯಲು ಅವರು ಹೊರಟಾಗ ಒಂದು ಮಗುವನ್ನಾದರೂ ಜೊತೆಗೆ ಕಳುಹಿಸಿ. ಕಳಲೆಯ ನೀರು ಎಷ್ಟು ಸಲ ಬದಲಿಸಬೇಕು, ಹಾಲೆಗೂ ಕಾಸರಕಕ್ಕೂ ವ್ಯತ್ಯಾಸ ಏನು ಎಂದು ಆ ಮಗು ಹೇಳುವಂತಾದರೆ ಈ ವರ್ಷದ ಆಟಿ ಸಾರ್ಥಕ. ಬಲ್ಲವರು ನಮ್ಮ ಜೊತೆ ಇರುವಾಗಲೇ ಇದನ್ನು ಮಾಡಬೇಕು.